ಹದಿಮೂರನೆಯ ರೊಟ್ಟಿ

ಇಂಗ್ಲಿಷಿನಲ್ಲಿ 'ಬೇಕರ್ಸ್ ಡಜನ್' ಎಂದರೆ ಹನ್ನೆರಡಲ್ಲ, ಹದಿಮೂರು. ತರಗತಿಯಲ್ಲಿ ಈ ಮಾತು ಬಂದಾಗಲೆಲ್ಲ ಹುಡುಗಿಯರು ಮುಖ ಮುಖ ನೋಡಿಕೊಳ್ಳುತ್ತಾರೆ. ಬಾಳೆಹಣ್ಣು, ಬಳೆಗಳನ್ನು ಡಜನ್ ಲೆಕ್ಕದಲ್ಲಿ ಕೊಂಡು ಗೊತ್ತಿರುವ ಅವರಿಗೆ, ಬೇಕರಿಯವನಿಗೆ ಮಾತ್ರ ಬೇರೆ ಮಗ್ಗಿಯೇ ಎಂದು ಸೋಜಿಗ.

ಹನ್ನೆರಡನ್ನು ಎರಡು, ಮೂರು, ನಾಲ್ಕು, ಆರು ಪಾಲು ಮಾಡಬಹುದು. ಹತ್ತಕ್ಕೆ ಆ ಗುಣವಿಲ್ಲ. ಇಂಗ್ಲೆಂಡಿನಲ್ಲಿ 1971ರವರೆಗೂ ಹನ್ನೆರಡು ಪೆನ್ನಿಗೆ ಒಂದು ಶಿಲಿಂಗ್. ನಮ್ಮಲ್ಲಿಯೂ 1957ರಲ್ಲಿ ನಯೇ ಪೈಸೆ ಬರುವವರೆಗೆ ಆಣೆಗೆ ಹನ್ನೆರಡು ಪೈ ಇದ್ದವಲ್ಲ! ನಮ್ಮಜ್ಜಿ ಕೊನೆಯವರೆಗೂ ಆಣೆಯಲ್ಲೇ ಲೆಕ್ಕ ಹಾಕುತ್ತಿದ್ದರು.

ಹಾಗಾದರೆ ಈ ಹದಿಮೂರನೆಯದು ಎಲ್ಲಿಂದ ಬಂತು? 13ನೆಯ ಶತಮಾನದಲ್ಲಿ, ಮೂರನೆಯ ಹೆನ್ರಿಯ ಕಾಲದಲ್ಲಿ, ರೊಟ್ಟಿಗೂ ಬಿಯರಿಗೂ ಸೇರಿ ಒಂದು ಕಾನೂನಾಯಿತು. ಅದರ ಪ್ರಕಾರ ರೊಟ್ಟಿಯ ಬೆಲೆ ಬದಲಾಗುವಂತಿಲ್ಲ, ತೂಕ ಮಾತ್ರ ಬದಲಾಗಬೇಕು. ಗೋಧಿ ತುಟ್ಟಿಯಾದರೆ ಅದೇ ಬೆಲೆಗೆ ಚಿಕ್ಕ ರೊಟ್ಟಿ, ಅಗ್ಗವಾದರೆ ದೊಡ್ಡದು. (ಬೆಲೆ ಹಾಗೇ ಇದ್ದು ಬಿಸ್ಕತ್ತಿನ ಪೊಟ್ಟಣ ಸಣ್ಣದಾಗುವುದನ್ನು ನಾವೂ ಕಂಡವರೇ, ಅಲ್ಲಿ ಅದು ಸರಕಾರದ ಅಪ್ಪಣೆಯಿಂದಲೇ ನಡೆಯುತ್ತಿತ್ತು.) ತೂಕ ಕಡಿಮೆಯಾದರೆ ಶಿಕ್ಷೆ ಜೋರು. ಲಂಡನ್ನಿನಲ್ಲಿ ಮೊದಲ ಸಲ ಸಿಕ್ಕಿಬಿದ್ದವನ ಕೊರಳಿಗೆ ಆ ರೊಟ್ಟಿಯನ್ನೇ ಕಟ್ಟಿ ಬೀದಿಯಲ್ಲಿ ಎಳೆದೊಯ್ಯುತ್ತಿದ್ದರು. ಮೂರನೆಯ ಸಲವಾದರೆ ಒಲೆಯನ್ನೇ ಕೆಡವುತ್ತಿದ್ದರು. ಕೈಯಲ್ಲಿ ನಾದಿದ ಹಿಟ್ಟು. ಒಲೆಯಲ್ಲಿ ಎಷ್ಟು ತೇವ ಆರುತ್ತದೋ ಯಾರು ಬಲ್ಲರು? ಆ ಭಯಕ್ಕೆ ಬೇಕರಿಯವನು ಡಜನ್ನಿಗೆ ಒಂದು ಹೆಚ್ಚು ಹಾಕಿಬಿಡುತ್ತಿದ್ದ ಎಂಬುದು ಸಾಮಾನ್ಯವಾಗಿ ಹೇಳುವ ಕತೆ.

ನನಗೆ ಇನ್ನೊಂದು ವಿವರಣೆಯೇ ಹೆಚ್ಚು ಒಪ್ಪಿಗೆ. ಲಂಡನ್ನಿನಲ್ಲಿ ರೊಟ್ಟಿಯನ್ನು ಬೇಕರಿಯಿಂದ ಕೊಂಡು ಮನೆಮನೆಗೆ ಹೊತ್ತು ಮಾರುತ್ತಿದ್ದವರಲ್ಲಿ ಹೆಂಗಸರೇ ಹೆಚ್ಚು. ನಗರದ ಕಟ್ಟಳೆಗಳನ್ನು 1419ರಲ್ಲಿ ಕೂಡಿಸಿ ಬರೆದ 'ಲೀಬರ್ ಆಲ್ಬಸ್' ಎಂಬ ಗ್ರಂಥದಲ್ಲಿ ಇವರ ಪ್ರಸ್ತಾಪವಿದೆ. ಬೆಲೆ ಕಾನೂನಿನದು, ಇವರು ಒಂದು ಕಾಸೂ ಹೆಚ್ಚಿಗೆ ಕೇಳುವಂತಿಲ್ಲ. ಹಾಗಾದರೆ ಹೊಟ್ಟೆಗೇನು? ಹನ್ನೆರಡಕ್ಕೆ ದುಡ್ಡು ಕೊಟ್ಟರೆ ಹದಿಮೂರು ರೊಟ್ಟಿ ಕೈಗೆ ಬರುತ್ತಿತ್ತು. ಆ ಒಂದು ರೊಟ್ಟಿಯೇ ಅವಳ ದುಡಿಮೆ. ಲೆಕ್ಕ ಹಾಕಿ ನೋಡಿ, ನೂರಕ್ಕೆ ಎಂಟರಷ್ಟು. ಹದಿಮೂರರಲ್ಲಿ ಒಂದು ಮಾರಾಟವಾಗದೆ ಬುಟ್ಟಿಯಲ್ಲಿ ಉಳಿಯಿತೋ, ಆ ಡಜನ್ನಿನ ತಿರುಗಾಟವೆಲ್ಲ ಬಿಟ್ಟಿ.

ನಿಘಂಟುಗಳು ಬೇಕರಿಯವನ ಭಯವನ್ನು ನೆನೆಯುತ್ತವೆ, ಬುಟ್ಟಿ ಹೊತ್ತವಳನ್ನು ನೆನೆಯುವುದು ಅಪರೂಪ. ಅವಳ ಹೆಸರಿನಲ್ಲಿ ಡಜನ್ನೂ ಇಲ್ಲ.

ಕನ್ನಡದಲ್ಲಿ ನಮಗೆ 'ಕೊಸರು' ಎಂಬ ಚೆಂದದ ಮಾತಿದೆ. ಸೊಪ್ಪಿನವಳು ಅಳತೆಯ ಮೇಲೆ ಎರಡು ಕಡ್ಡಿ, ಹೂವಿನವಳು ಮೊಳದ ಮೇಲೆ ನಾಲ್ಕು ಬೆರಳು ಕೊಡಬೇಕು. ಕೊಡದಿದ್ದರೆ ನಾವು ಬಿಡುವವರೂ ಅಲ್ಲ. ಲಂಡನ್ನಿನ ಕೊಸರು ಮಾರುವವಳಿಗೆ ಸೇರಿತು, ನಮ್ಮದು ಅವಳ ಬುಟ್ಟಿಯಿಂದಲೇ ಬರುತ್ತದೆ. ಬಳೆಗಾರನದಂತೂ ಇನ್ನೂ ಕಷ್ಟ. ತೊಡಿಸುವಾಗ ಒಡೆದ ಬಳೆಗೆ ಅವನು ದುಡ್ಡು ಕೇಳುವಂತಿಲ್ಲ. ಡಜನ್ ತುಂಬಿಸಲು ಹದಿಮೂರನೆಯದನ್ನು ತನ್ನ ಗಂಟಿನಿಂದಲೇ ತೆಗೆಯುತ್ತಾನೆ.