ಜಠರಚಾಲಕ ಔಷಧಿಗಳು: ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಸೀಮೆಯಲ್ಲಿ ಬಳಕೆ ಮತ್ತು ದುಷ್ಪರಿಣಾಮಗಳ ಚರಿತ್ರೆ

ಜಠರದ ಮತ್ತು ಕರುಳಿನ ಸ್ನಾಯುಗಳನ್ನು ಪ್ರಚೋದಿಸಿ ಆಹಾರವನ್ನು ಮುಂದಕ್ಕೆ ಸಾಗಿಸುವ, ಬಹುಮಟ್ಟಿಗೆ ವಾಂತಿಯನ್ನೂ ತಡೆಯುವ ಔಷಧವರ್ಗಕ್ಕೆ ಜಠರಚಾಲಕಗಳೆಂದು ಹೆಸರು. ಮೆಟೊಕ್ಲೊಪ್ರಮೈಡ್, ಸಿಸಾಪ್ರೈಡ್, ಡಾಂಪೆರಿಡೋನ್, ಲೆವೊಸಲ್ಪಿರೈಡ್ ಎಂಬುವು ಇವುಗಳಲ್ಲಿ ಮುಖ್ಯವಾದುವು. ಜಪಾನಿನಿಂದ ಬಂದ ಇಟೊಪ್ರೈಡ್, ಮೊಸಾಪ್ರೈಡ್‌ಗಳು ಈಚಿನವು. 2021ರಲ್ಲಿ ಹೊಸಪೇಟೆ, ಹಂಪಿಗಳು ನೂತನ ವಿಜಯನಗರ ಜಿಲ್ಲೆಗೆ ಸೇರಿ, ಸಂಡೂರು, ಕಂಪ್ಲಿಗಳು ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದುದರಿಂದ, ಜಿಲ್ಲಾವಾರು ಲೆಕ್ಕಗಳು ಈ ಸೀಮೆಯನ್ನು ಒಂದಾಗಿ ತೋರಿಸಲಾರವು. ಆದಕಾರಣ ಔಷಧಗಳ ಕಾಲಾನುಕ್ರಮವನ್ನೇ ಹಿಡಿದು ನಡೆಯುವುದು ಯುಕ್ತ.

ಪ್ರಾಚೀನ ಭಾಗವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಆಯುರ್ವೇದದ ದೀಪನ, ಪಾಚನ, ವಾತಾನುಲೋಮನಗಳ ಕಲ್ಪನೆಯೂ, ಇಂಗು, ಶುಂಠಿ, ಓಂಕಾಳುಗಳ ಮನೆಮದ್ದೂ ಇಲ್ಲಿ ಎಂದಿನಿಂದಲೋ ರೂಢಿಯಲ್ಲಿವೆ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ತಾಂಬೂಲವು ಜೀರ್ಣಶಕ್ತಿಯನ್ನು ವರ್ಧಿಸುವುದೆಂದು ಬಹುವಾಗಿ ಕೊಂಡಾಡಿದ್ದಾನೆ. ಅದಕ್ಕೆ ಹದಿನೇಳು ವರ್ಷಗಳ ಹಿಂದೆ, 1426ರಲ್ಲಿ, ಇಮ್ಮಡಿ ದೇವರಾಯನು ಪಾರ್ಶ್ವನಾಥ ಚೈತ್ಯಾಲಯವನ್ನು ಕಟ್ಟಿಸಿದುದು ಎಲೆ ಅಡಕೆಗಳ ಪಣ್ಯವೀಥಿಯಲ್ಲಿಯೇ ಎಂಬುದು ಶಾಸನೋಕ್ತ.

ಆಧುನಿಕ ಚರಿತ್ರೆಯು 1964ರಲ್ಲಿ ಫ್ರಾನ್ಸಿನ ಜುಸ್ತಾಂ-ಬೆಸಾಂಸೋಂ ಮತ್ತು ಲಾವಿಲ್ ಎಂಬುವರು ಪ್ರಕಟಿಸಿದ ಮೆಟೊಕ್ಲೊಪ್ರಮೈಡ್‌ನಿಂದ ಮೊದಲಾಗುತ್ತದೆ. ಡೋಪಮಿನ್ನಿನ ಗ್ರಾಹಕಗಳನ್ನು ತಡೆಯುವ ಈ ಔಷಧವು ಮಿದುಳನ್ನೂ ಹೊಗುವುದರಿಂದ, ಮಕ್ಕಳಲ್ಲಿಯೂ ತರುಣಿಯರಲ್ಲಿಯೂ ಕೆಲವೊಮ್ಮೆ ಒಂದೆರಡು ಮಾತ್ರೆಗೇ ಕತ್ತು ತಿರುಚಿಕೊಂಡು, ಕಣ್ಣಾಲಿಗಳು ಮೇಲಕ್ಕೆ ಸಿಲುಕಿ, ನಾಲಗೆ ಹೊರಚಾಚುವುದುಂಟು. ಅರಿಯದವರ ಕಣ್ಣಿಗೆ ಇದು ಧನುರ್ವಾಯುವಿನಂತೆಯೋ, ಮೂರ್ಛೆಯಂತೆಯೋ, ಗಾಳಿ ಸೋಕಿದಂತೆಯೋ ತೋರಬಹುದಾದರೂ, ಪ್ರೊಮೆಥಜೀನ್‌ನಂಥ ಚುಚ್ಚುಮದ್ದಿಗೆ ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲಿಯೇ ಶಮನವಾಗತಕ್ಕದ್ದು. ದೀರ್ಘಕಾಲ ಸೇವಿಸಿದವರಲ್ಲಿ ತುಟಿ ನಾಲಗೆಗಳು ತಮ್ಮಷ್ಟಕ್ಕೆ ಚಲಿಸುವ ವಿಕಾರದ ಪ್ರಮಾಣವೆಷ್ಟೆಂಬುದರಲ್ಲಿ ಮತಭೇದವಿದೆ: ಹಿಂದಿನ ಮಾರ್ಗದರ್ಶಿಗಳು ಶೇಕಡ 1ರಿಂದ 10 ಎಂದರೆ, 2010ರ ಒಂದು ಸಮೀಕ್ಷೆಯು ಶೇಕಡ 1ಕ್ಕಿಂತ ಕಡಿಮೆಯೆಂದಿತು. ಅಷ್ಟರಲ್ಲಿ, 2009ರಲ್ಲಿಯೇ, ಅಮೆರಿಕದ ಔಷಧ ಆಡಳಿತವು ಅತ್ಯಂತ ಕಠಿಣವಾದ ಎಚ್ಚರಿಕೆಯನ್ನು ಲಗತ್ತಿಸಿತ್ತು; 2013ರಲ್ಲಿ ಯೂರೋಪು ಸೇವನೆಯನ್ನು ಐದು ದಿನಗಳಿಗೆ ಮಿತಗೊಳಿಸಿತು.

ಸಿಸಾಪ್ರೈಡ್‌ನ ವಿಷಯದಲ್ಲಿ ಗೊಂದಲವು ಕಾಲನಿರ್ಣಯದ್ದು. ಹೃದಯಲಯ ಕೆಟ್ಟ 341 ಪ್ರಕರಣಗಳೂ, ಅವುಗಳಲ್ಲಿ 80 ಮರಣಗಳೂ 1999ರ ಅಂತ್ಯದೊಳಗೆ ವರದಿಯಾದ ಮೇಲೆ ಅಮೆರಿಕದಲ್ಲಿ ಅದರ ಮಾರಾಟ 2000ದಲ್ಲಿ ನಿಂತುದನ್ನೇ ಹಲವರು ಲೋಕಾದ್ಯಂತದ ನಿಷೇಧವೆಂದು ಬರೆಯುತ್ತಾರೆ. ಭಾರತದ ನಿಷೇಧಾಜ್ಞೆ ಹೊರಟದ್ದು 2011ರ ಫೆಬ್ರವರಿ 10ರಂದು. ನಡುವಣ ಒಂದು ದಶಕಕ್ಕೂ ಮಿಕ್ಕಿದ ಅವಧಿಯನ್ನು ಲೆಕ್ಕದಿಂದ ಬಿಡಲಾಗದು.

ಆದರೂ ಚರಿತ್ರೆಯ ನಿಜವಾದ ತಿರುವು ಯಾವುದೇ ನಿಷೇಧದಲ್ಲಿರದೆ, ಎರಡು ಔಷಧಗಳನ್ನು ಒಂದೇ ಕೋಶದಲ್ಲಿ ತುಂಬಿದುದರಲ್ಲಿದೆ. ಬೆಲ್ಜಿಯಮ್ಮಿನ ಜಾನ್ಸೆನ್ ಪ್ರಯೋಗಶಾಲೆಯಲ್ಲಿ 1974ರಲ್ಲಿ ಸಿದ್ಧವಾದ ಡಾಂಪೆರಿಡೋನ್, ಮಿದುಳನ್ನು ಅಷ್ಟಾಗಿ ಪ್ರವೇಶಿಸದ ಕಾರಣ ನಿರಪಾಯಕರವೆಂದು ಹೆಸರಾಯಿತು. ಆದರೆ ರಕ್ತನಾಳಕ್ಕೆ ಚುಚ್ಚುವ ಅದರ ರೂಪವನ್ನು ಹೃದಯಸ್ತಂಭನದ ವರದಿಗಳಿಂದಾಗಿ 1980ರ ದಶಕದಲ್ಲಿಯೇ ಹಿಂತೆಗೆದುಕೊಳ್ಳಬೇಕಾಯಿತು. ಅದೇ ಔಷಧವು ಭಾರತದಲ್ಲಿ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಮುಂತಾದ ಆಮ್ಲನಿರೋಧಕಗಳ ಜತೆಗೂಡಿ ‘ಗ್ಯಾಸ್ಟ್ರಿಕ್ ಮಾತ್ರೆ’ಯೆಂಬ ಜನಪ್ರಸಿದ್ಧಿಯನ್ನು ಪಡೆದು, ನೋವಿನ ಮಾತ್ರೆ ಬರೆದಾಗ ಅದರ ಬೆನ್ನಿಗೂ, ಮಿರ್ಚಿ ಮಂಡಕ್ಕಿ ತಿಂದು ಎದೆಯುರಿದಾಗ ಅಂಗಡಿಯವನ ಸಲಹೆಯ ಮೇಲೂ, ಬೆಳಗ್ಗೆ ಖಾಲಿ ಹೊಟ್ಟೆಗೆ ನುಂಗುವ ನಿತ್ಯವಿಧಿಯಾಯಿತು; ಆದರೆ ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂಬ ಒಕ್ಕಣೆಯು ಪಟ್ಟಿಯ ಮೇಲೆ ಅಚ್ಚಾಗಿಯೇ ಇದೆ. 2014ರಲ್ಲಿ ಯೂರೋಪಿನ ಔಷಧ ಸಂಸ್ಥೆಯು ದಿನಕ್ಕೆ 30 ಮಿಲಿಗ್ರಾಂ, ಸಾಮಾನ್ಯವಾಗಿ ಒಂದು ವಾರ ಎಂಬ ಮೇರೆಯನ್ನು ಹಾಕಿ, ಹೊಟ್ಟೆಯುಬ್ಬರ, ಎದೆಯುರಿಗಳನ್ನು ಅದರ ಉಪಯೋಗಗಳಿಂದ ತೆಗೆದುಹಾಕಿತು. ಈ ಸೀಮೆಯಲ್ಲಿಯಾದರೋ ಸಂಯುಕ್ತ ಕೋಶವನ್ನು ಜನ ನುಂಗುವುದು ಮುಖ್ಯವಾಗಿ ಆ ಎರಡಕ್ಕಾಗಿಯೇ. ಕ್ಲಾರಿಥ್ರೊಮೈಸಿನ್ ಅಥವಾ ಶಿಲೀಂಧ್ರರೋಗಕ್ಕೆ ಕೊಡುವ ಫ್ಲುಕೊನಜೋಲ್‌ನೊಡನೆ ಸೇರಿದಾಗ, ಯಕೃತ್ತಿನಲ್ಲಿ ಡಾಂಪೆರಿಡೋನ್ ವಿಘಟನೆಯಾಗುವುದು ಕುಂಠಿತವಾಗಿ ಹೃದಯದ ಅಪಾಯ ಹೆಚ್ಚುತ್ತದೆಂಬುದು, ಅರುವತ್ತು ದಾಟಿದವರ ವಿಷಯದಲ್ಲಿ ವಿಶೇಷವಾಗಿ ಗಮನಾರ್ಹ.

ಲೆವೊಸಲ್ಪಿರೈಡ್ ಮನೋರೋಗಗಳಿಗೆ ಕೊಡುತ್ತಿದ್ದ ಸಲ್ಪಿರೈಡ್‌ನ ವಾಮಾವರ್ತ ರೂಪ. ಅಮೆರಿಕ, ಬ್ರಿಟನ್ನುಗಳಲ್ಲಿ ಬಳಕೆಯಿಲ್ಲದ ಕಾರಣ ಆಂಗ್ಲ ಪಠ್ಯಗ್ರಂಥಗಳು ಇದರ ವಿಷಯದಲ್ಲಿ ಬಹುತೇಕ ಮೌನವಾಗಿವೆ. ದುಷ್ಪರಿಣಾಮಗಳ ದಾಖಲೆ ಕೊರಿಯಾ, ಇಟಲಿ, ಸ್ಪೇನ್, ಭಾರತಗಳ ವರದಿಗಳಲ್ಲಿ ಚದುರಿದೆ. ವೃದ್ಧರಲ್ಲಿ ನಡೆ ನಿಧಾನವಾಗಿ, ಕೈ ನಡುಗಿ, ಮುಖ ಭಾವಶೂನ್ಯವಾದರೆ, ಪಾರ್ಕಿನ್ಸನ್ ರೋಗವೆಂದು ಭ್ರಮಿಸಿ ಇನ್ನೊಂದು ಔಷಧವನ್ನು ಆರಂಭಿಸುವ ಸಂಭವವುಂಟು. ಮೂಲಮಾತ್ರೆಯನ್ನು ನಿಲ್ಲಿಸಿದರೆ ಹಲವರಿಗೆ ತಿಂಗಳುಗಳಲ್ಲಿ ಗುಣವಾಗುತ್ತದೆ, ಕೆಲವರಿಗೆ ಆಗುವುದಿಲ್ಲ. ಪಿಟ್ಯುಟರಿ ಗ್ರಂಥಿಯು ಮಿದುಳಿನ ರಕ್ಷಣಾಭಿತ್ತಿಯ ಹೊರಗಿರುವುದರಿಂದ ಡಾಂಪೆರಿಡೋನ್, ಲೆವೊಸಲ್ಪಿರೈಡ್‌ಗಳೆರಡೂ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಏರಿಸಿ, ಬಸುರಿ ಬಾಣಂತಿಯರಲ್ಲದವರಿಗೂ ಎದೆಹಾಲು ಬರಿಸಿ, ಮುಟ್ಟನ್ನು ನಿಲ್ಲಿಸಬಲ್ಲವು. ಮಾತ್ರೆ ಬರೆದುಕೊಟ್ಟದ್ದು ಕಂಪ್ಲಿಯಲ್ಲಾದರೆ, ಅದರ ಫಲವು ಗೋಚರಿಸುವುದು ಅರುವತ್ತು ಕಿಲೋಮೀಟರಿನೊಳಗಿನ ಬಳ್ಳಾರಿಯಲ್ಲಿ, 1961ರಲ್ಲಿ ಸ್ಥಾಪಿತವಾದ ವೈದ್ಯಕೀಯ ಕಾಲೇಜಿನ ನರರೋಗ ಅಥವಾ ಸ್ತ್ರೀರೋಗದ ವೈದ್ಯರ ಮುಂದೆ ಇರಬಹುದು; ಎರಡನ್ನೂ ಹೊಂದಿಸಿ ನೋಡಲು ರೋಗಿಯ ಕೈಯಲ್ಲಿ ಹಳೆಯ ಚೀಟಿ ಉಳಿದಿರಬೇಕು.

ಸಂಯುಕ್ತ ಔಷಧಗಳ ಮೇಲಿನ ಕ್ರಮಗಳೂ ಡೊಂಕುದಾರಿಯವೇ: 2016ರ ಮಾರ್ಚಿನಲ್ಲಿ 344 ಮಿಶ್ರಣಗಳನ್ನು ನಿಷೇಧಿಸಿದ ಆಜ್ಞೆಯನ್ನು ಅದೇ ಡಿಸೆಂಬರಿನಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು ರದ್ದುಮಾಡಿತು, ಸರ್ವೋಚ್ಚ ನ್ಯಾಯಾಲಯದ ಸೂಚನೆಯಂತೆ ಪುನಃ ಪರಿಶೀಲಿಸಿ 2018ರಲ್ಲಿ 328ನ್ನೂ, 2024ರಲ್ಲಿ ಇನ್ನೂ 156ನ್ನೂ ನಿಷೇಧಿಸಲಾಯಿತು. ಪ್ಯಾಂಟೊಪ್ರಜೋಲ್ ಡಾಂಪೆರಿಡೋನ್‌ಗಳ ಜೋಡಿ ಈ ಎಲ್ಲ ಏರಿಳಿತಗಳ ನಡುವೆ ಮಾರಾಟದಲ್ಲಿ ಮುಂದುವರಿಯಿತು. 2010ರಲ್ಲಿ ಆರಂಭವಾದ ರಾಷ್ಟ್ರೀಯ ಔಷಧ ಜಾಗರೂಕತಾ ಕಾರ್ಯಕ್ರಮವು ದುಷ್ಪರಿಣಾಮಗಳ ವರದಿಯನ್ನು ವೈದ್ಯರಿಂದಲ್ಲದೆ ರೋಗಿಗಳಿಂದಲೂ ಸ್ವೀಕರಿಸುತ್ತದೆ. ಅದರ ನಮೂನೆ ಕನ್ನಡದಲ್ಲಿಯೂ ದೊರೆಯುತ್ತದೆ, ಉಚಿತ ದೂರವಾಣಿ 1800-180-3024.