ನೀರಿಗಿಂತ ಮೊದಲೇ ಬಂದ ಗೆರೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದರೆ ಬರಕ್ಕೆ ಹೆಸರಾದ ಸೀಮೆ. ಇಲ್ಲಿನ ಹೊಲಗಳಿಗೆ ಕಾಲುವೆಯ ನೀರು ತಂದದ್ದು ಕೃಷ್ಣಾ ಮೇಲ್ದಂಡೆ ಯೋಜನೆ. 1964ರ ಮೇ ತಿಂಗಳಲ್ಲಿ, ಪ್ರಧಾನಿಯಾಗುವ ಕೆಲವೇ ದಿನ ಮೊದಲು, ಲಾಲ್ ಬಹದ್ದೂರ್ ಶಾಸ್ತ್ರಿ ಆಲಮಟ್ಟಿಯಲ್ಲಿ ಅದಕ್ಕೆ ಅಡಿಗಲ್ಲಿಟ್ಟರು. ಈ ನೀರಿಗೆ ಬೆಲೆ ತೆತ್ತ ಊರುಗಳಲ್ಲಿ ಘಟಪ್ರಭಾ ದಂಡೆಯ ಹಳೇ ಬಾಗಲಕೋಟೆಯೂ ಒಂದು.

ಊರಿನ ತಗ್ಗು ಭಾಗವನ್ನು ನುಂಗಿದ್ದು ಹಿನ್ನೀರು. ಆದರೆ ಓಣಿಗಳು ಸೊರಗತೊಡಗಿದ್ದು ಅದಕ್ಕೂ ಮೊದಲು, ನಕ್ಷೆಯ ಮೇಲಿನ ಮುಳುಗಡೆ ಗೆರೆಯಿಂದ. 2013ರ ಕೊನೆಯವರೆಗೆ ಜಾರಿಯಲ್ಲಿದ್ದ 1894ರ ಭೂಸ್ವಾಧೀನ ಕಾಯ್ದೆಯ ಪ್ರಕಾರ, ಪ್ರಾಥಮಿಕ ಅಧಿಸೂಚನೆ ಹೊರಟ ಮೇಲೆ ಅಧಿಕಾರಿಯ ಅನುಮತಿಯಿಲ್ಲದೆ ಮನೆಗೆ ಸುರಿದ ಹಣಕ್ಕೆ ಪರಿಹಾರವಿರಲಿಲ್ಲ. ಹೀಗಿರುವಾಗ ಸೋರುವ ಮಾಳಿಗೆಗೆ ಮಣ್ಣು ಹಾಕಿಸುವವರಾರು?

ಇತ್ತ ನವನಗರ ಸೆಕ್ಟರು ಸೆಕ್ಟರಾಗಿ ಬೆಳೆಯಿತು. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾದ ಮೇಲೆ ಜಿಲ್ಲಾ ಕಚೇರಿಗಳೂ ಅಲ್ಲಿ ನೆಲೆಗೊಂಡವು. ಓಣಿಯ ಅರ್ಧ ಮಂದಿ ಎದ್ದುಹೋದರೆ ಅಂಗಡಿಗೆ ಗಿರಾಕಿ ತಪ್ಪುತ್ತದೆ, ಬಾವಿಕಟ್ಟೆ ಬಿಕೋ ಎನ್ನುತ್ತದೆ. ಗೆರೆಯ ಮೇಲ್ಭಾಗದವರಿಗೆ ಮನೆ ಉಳಿದರೂ ನೆರೆಹೊರೆ ಉಳಿಯುವುದಿಲ್ಲ.

ಗೆರೆಯಾದರೂ ಒಂದೆಡೆ ನಿಂತಿತೇ? 2000ದಲ್ಲಿ ಸುಪ್ರೀಂ ಕೋರ್ಟ್ ಜಲಾಶಯದ ಮಟ್ಟವನ್ನು 519.6 ಮೀಟರಿಗೆ ಮಿತಿಗೊಳಿಸಿತು. 2010ರಲ್ಲಿ ಎರಡನೇ ಕೃಷ್ಣಾ ನ್ಯಾಯಮಂಡಳಿ 524.256 ಮೀಟರಿಗೆ ಒಪ್ಪಿಗೆ ಕೊಟ್ಟಿತು. ಈ ಎರಡು ಅಂಕಿಗಳ ನಡುವೆ ಸಿಕ್ಕಿಕೊಂಡದ್ದು ಜನರ ಬದುಕು.

ಬರದ ಹೊಲಕ್ಕೆ ನೀರು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಊರ ಮೇಲೆ ಗೆರೆ ಎಳೆಯುವವರು, ಬಿಡಬೇಕಾದ ದಿನವನ್ನೂ ಸೇರಬೇಕಾದ ನೆಲೆಯನ್ನೂ ಅಂದೇ ಹೇಳಬೇಕು. ಇಲ್ಲವಾದರೆ ನೀರು ಬರುವ ಮೊದಲೇ ಊರು ಮುಳುಗುತ್ತದೆ.