ಮಿಲಾನಿನ ಕಾ ಗ್ರಾಂದಾ: ವಾರ್ಡಿನಿಂದ ವಾಚನಾಲಯಕ್ಕೆ

ಮಿಲಾನಿನ ಫೆಸ್ತಾ ದೆಲ್ ಪೆರ್ದೋನೊ ಬೀದಿಯ ಉದ್ದಕ್ಕೂ ಚಾಚಿಕೊಂಡಿರುವ ಕೆಂಪು ಇಟ್ಟಿಗೆಯ ಕಟ್ಟಡವನ್ನು ಊರವರು ಕಾ ಗ್ರಾಂದಾ, ಅಂದರೆ ದೊಡ್ಡಮನೆ, ಎನ್ನುತ್ತಾರೆ. ಬಂದವರೆಲ್ಲ ಮೆಚ್ಚುವುದು ಅದರ ಮುಂಭಾಗದ ಸುಟ್ಟಮಣ್ಣಿನ ಅಲಂಕಾರವನ್ನು, ಜೋಡಿಕಮಾನಿನ ಕಿಟಕಿಗಳನ್ನು. ಆದರೆ ಈ ಕಟ್ಟಡದ ನಿಜವಾದ ಸಾಧನೆ ಇರುವುದು ಅದರ ನಕ್ಷೆಯಲ್ಲಿ ಮತ್ತು ನೆಲದಡಿಯ ನೀರಿನ ವ್ಯವಸ್ಥೆಯಲ್ಲಿ.

ನಗರದಲ್ಲಿ ಚದುರಿಹೋಗಿದ್ದ ಸಣ್ಣಪುಟ್ಟ ಆಸ್ಪತ್ರೆಗಳನ್ನು ಒಂದೆಡೆ ತರಲು ಡ್ಯೂಕ್ ಫ್ರಾಂಚೆಸ್ಕೊ ಸ್ಫೋರ್ಜಾ 1456ರಲ್ಲಿ ಇದನ್ನು ಕಟ್ಟಿಸತೊಡಗಿದ. ಕೆಲಸ ವಹಿಸಿಕೊಂಡವನು ಫ್ಲಾರೆನ್ಸಿನ ವಾಸ್ತುಶಿಲ್ಪಿ ಫಿಲರೇತೆ. ನಡುವೆ ದೊಡ್ಡ ಅಂಗಳ. ಅದರ ಇಕ್ಕೆಲಗಳಲ್ಲಿ ಗಂಡಸರಿಗೊಂದು, ಹೆಂಗಸರಿಗೊಂದು ಶಿಲುಬೆಯಾಕಾರದ ವಾರ್ಡು. ಶಿಲುಬೆಯ ತೋಳುಗಳ ನಡುವೆ ನಾಲ್ಕು ನಾಲ್ಕು ಚಿಕ್ಕ ಅಂಗಳಗಳು. ತೋಳುಗಳು ಕೂಡುವಲ್ಲಿ ಬಲಿಪೀಠ. ಹಾಸಿಗೆ ಬಿಟ್ಟೇಳಲಾಗದವನಿಗೂ ಪೂಜೆ ಕಾಣಬೇಕೆಂಬುದು ಅಲ್ಲಿನ ಆಶಯ. ಹಾಸಿಗೆಗಳ ಹಿಂದೆಯೇ ಶೌಚಕ್ಕೆ ಹೋಗಲು ಕಿರುಬಾಗಿಲು, ಕೆಳಗೆ ನಗರದ ಕಾಲುವೆಯಿಂದ ಹರಿದು ಬರುವ ನೀರು, ದುರ್ವಾಸನೆ ಮೇಲೇರಿ ಹೋಗಲು ಗೋಡೆಯೊಳಗೇ ಗಾಳಿಕಂಡಿ. ಮಳೆನೀರೂ ಮಾಡಿನಿಂದಿಳಿದು ಕೊಳೆ ತೊಳೆಯಬೇಕು. ಇದನ್ನೆಲ್ಲ ಫಿಲರೇತೆ ತನ್ನ ವಾಸ್ತುಗ್ರಂಥದಲ್ಲಿ ಹೆಮ್ಮೆಯಿಂದ ವಿವರಿಸಿದ್ದಾನೆ. ರೋಗಾಣುಗಳ ಕಲ್ಪನೆಯೇ ಇಲ್ಲದ ಕಾಲದಲ್ಲಿ ಬಡರೋಗಿಯ ದೇಹದ ಬಗ್ಗೆ ಇಷ್ಟು ಕಾಳಜಿ!

ಫಿಲರೇತೆ 1465ರಲ್ಲಿ ಕೆಲಸ ಬಿಟ್ಟು ಹೋದ. ಮುಂದುವರಿಸಿದವನು ಗ್ವಿನಿಫೋರ್ತೆ ಸೊಲಾರಿ. ನಡುವಿನ ದೊಡ್ಡ ಅಂಗಳ ಮೇಲೇಳಲು ಮಾತ್ರ 17ನೇ ಶತಮಾನದ ವರ್ತಕ ಕಾರ್ಕಾನೊನ ಉಯಿಲಿನ ಹಣವೇ ಬರಬೇಕಾಯಿತು. ಆ ಅಂಗಳವನ್ನು ರೂಪಿಸಿದವರಲ್ಲಿ ವಾಸ್ತುಶಿಲ್ಪಿ ರಿಕಿನಿ ಮುಖ್ಯ. ಅದೇ ಶತಮಾನದಲ್ಲಿ ಇಲ್ಲಿ ಸತ್ತವರನ್ನು ಆಸ್ಪತ್ರೆಯ ಚರ್ಚಿನ ನೆಲಮಾಳಿಗೆಯಲ್ಲಿ ಹೂಳುತ್ತಿದ್ದರು. ಆ ಅವಶೇಷಗಳಲ್ಲಿ ಇಬ್ಬರ ಮಿದುಳಿನ ಅಂಗಾಂಶದಲ್ಲಿ ಕೋಕಾ ಗಿಡದ ಅಂಶ ಸಿಕ್ಕಿದ್ದು 2024ರಲ್ಲಿ ಪ್ರಕಟವಾಯಿತು. ಆಸ್ಪತ್ರೆಯ ಕಡತಗಳು ಹೇಳದಿದ್ದುದನ್ನು ಮೂಳೆಗೂಡುಗಳು ಹೇಳಿದವು.

1943ರ ಆಗಸ್ಟಿನ ಬಾಂಬ್ ದಾಳಿಗೆ ಕಟ್ಟಡ ಬಹುಪಾಲು ಕುಸಿಯಿತು. ಯುದ್ಧಾನಂತರ ಲಿಲಿಯಾನಾ ಗ್ರಾಸ್ಸಿ ಮೊದಲಾದ ವಾಸ್ತುಶಿಲ್ಪಿಗಳು ಅವಶೇಷಗಳಿಂದ ಆಯ್ದ ತುಂಡುಗಳನ್ನೇ ಜೋಡಿಸಿ ದೊಡ್ಡ ಅಂಗಳವನ್ನು ಮತ್ತೆ ನಿಲ್ಲಿಸಿದರು. ಕಳೆದುಹೋದ ಕಡೆ ಹೊಸ ಕಾಲದ ಕೆಲಸವನ್ನು ಮುಚ್ಚಿಡಲಿಲ್ಲ. ಅದು ಸರಿಯಾದ ನಿರ್ಧಾರವೇ.

1958ರಿಂದ ಇದು ಮಿಲಾನ್ ವಿಶ್ವವಿದ್ಯಾಲಯದ ಕೇಂದ್ರ. ಅಡ್ಡಗೋಡೆಗಳಿಲ್ಲದ ಉದ್ದನೆಯ ವಾರ್ಡುಗಳು ಗ್ರಂಥಾಲಯಕ್ಕೆ ಒಗ್ಗಿದ್ದು ಆಕಸ್ಮಿಕವಲ್ಲ: ರೋಗಿಗೆ ಬೇಕಿದ್ದ ಗಾಳಿ, ಬೆಳಕು, ವಿಶಾಲತೆಗಳೇ ಓದುಗನಿಗೂ ಬೇಕು. ಆಸ್ಪತ್ರೆಯೂ ದೂರ ಹೋಗಿಲ್ಲ. ಪಾಲಿಕ್ಲಿನಿಕೊ ಎಂಬ ಹೆಸರಿನಲ್ಲಿ ಪಕ್ಕದಲ್ಲೇ ನಡೆಯುತ್ತಿದೆ; ಶತಮಾನಗಳ ದಾನಿಗಳ ಭಾವಚಿತ್ರಗಳೂ ಹಳೆಯ ಕಡತಗಳೂ ಇಂದಿಗೂ ಅದರದೇ ಆಸ್ತಿ.